ಆ ಕಾಲಮ್ಮನ್ನು ತುಂಬುವವರು ಯಾರು?

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಬರೆದ ಒಂದು ಸಾಲಿನ ಕೋಡ್ ಬಗ್ಗೆ ಮೊದಲು ಹೇಳಿಬಿಡ್ತೀನಿ. ಅದೊಂದು ನೋಂದಣಿ ಫಾರ್ಮ್. ಲಿಂಗ ಅನ್ನೋ ಕಾಲಮ್ಮಿಗೆ ಡೇಟಾಬೇಸ್‌ನಲ್ಲಿ ಒಂದೇ ಒಂದು ಬಿಟ್ ಕೊಟ್ಟಿದ್ದೆ: ಗಂಡಾದರೆ 1, ಇಲ್ಲದಿದ್ದರೆ 0. ಒಂದು ದಿನ ದೂರು ಬಂತು. ‘ನನ್ನ ಮತದಾರರ ಚೀಟಿಯಲ್ಲಿ ಇತರೆ ಅಂತಿದೆ, ನಿಮ್ಮ ಫಾರ್ಮ್ ಮುಂದಕ್ಕೇ ಹೋಗ್ತಿಲ್ಲ’ ಅಂತ ಯಾರೋ ಬರೆದಿದ್ದರು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ, ಸಿಸ್ಟಮ್ ಸರಿಯಾಗೇ ಇದೆ ಅಂತ ಉತ್ತರ ಹಾಕಿ, ಟಿಕೆಟ್ ಕ್ಲೋಸ್ ಮಾಡಿ ಕಾಫಿಗೆ ಎದ್ದು ಹೋದೆ.

ನನಗೆ ಇದು ಗೊತ್ತಿಲ್ಲದ ಲೋಕವೇನೂ ಆಗಿರಲಿಲ್ಲ. ನಮ್ಮದು ಕೊಪ್ಪಳ ಸೀಮೆಯ ಹಳ್ಳಿ, ಹುಲಿಗೆಮ್ಮನ ಗುಡಿ ದೂರವಿಲ್ಲ. ಮಂಗಳವಾರ, ಶುಕ್ರವಾರ ತಲೆ ಮೇಲೆ ಜಗ ಹೊತ್ತ ಜೋಗಮ್ಮ ಬಾಗಿಲಿಗೆ ಬರ್ತಿದ್ದಳು. ಗಂಡು ದನಿ, ಮೈಮೇಲೆ ಸೀರೆ, ಹಣೆ ತುಂಬ ಭಂಡಾರ, ಕೈಯಲ್ಲಿ ಚೌಡಿಕೆ. ನಾವು ಹುಡುಗರು ಹಿಂದೆ ನಿಂತು ಕಿಸಕ್ಕಂತ ನಗ್ತಿದ್ದೆವು. ಅಜ್ಜಿ ಮೊರದಲ್ಲಿ ಜೋಳ ತಂದು ಹಾಕಿ ನಮ್ಮ ಕಡೆ ತಿರುಗಿ, “ಹಂಗ ನಗಬ್ಯಾಡ್ರೋ. ಅವ್ವ ಕರದಾಳ, ಆಕಿ ಬಂದಾಳ. ನಿಮ್ಮನ್ನೇನ್ ಕೇಳಬೇಕಿತ್ತೇನು?” ಅಂತಿದ್ದಳು. ಹಾಗಂತ ನಮ್ಮೂರನ್ನು ಹೊಗಳೋಕೆ ಹೊರಟಿಲ್ಲ. ಅದೇ ಅಜ್ಜಿ ಆಕೆಯನ್ನು ಒಳಗೆ ಕರೆದು ಊಟಕ್ಕೆ ಕೂರಿಸಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಆದರೂ ‘ನಿಮ್ಮನ್ನೇನ್ ಕೇಳಬೇಕಿತ್ತೇನು’ ಅನ್ನೋ ಮಾತು ತಲೆಯಲ್ಲಿ ಉಳೀತು. ಅದರ ತೂಕ ತಿಳಿದದ್ದು ಬಹಳ ವರ್ಷಗಳ ಮೇಲೆ, ಈ ಇತಿಹಾಸ ಓದಿದಾಗ.

1852ರಲ್ಲಿ, ಈಗಿನ ಉತ್ತರ ಪ್ರದೇಶದ ಮೈನ್‌ಪುರಿ ಜಿಲ್ಲೆಯಲ್ಲಿ, ಭೂರಾ ಅನ್ನೋ ಹಿಜ್ರಾ ಒಬ್ಬರ ಕೊಲೆಯಾಯಿತು. ಕೊಲೆ ಮಾಡಿದವನು ಆಕೆಯ ಹಳೆಯ ಸಂಗಾತಿ ಎಂದು ನ್ಯಾಯಾಲಯ ತೀರ್ಮಾನಿಸಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಸತ್ತವಳ ಸಮುದಾಯವೇ ಬ್ರಿಟಿಷ್ ಅಧಿಕಾರಿಗಳ ಕಣ್ಣಿಗೆ ಅಪರಾಧಿಯಾಗಿ ಕಂಡಿತು. ಜೆಸ್ಸಿಕಾ ಹಿಂಚಿ ಎಂಬ ಇತಿಹಾಸಕಾರ್ತಿ ಆ ಕಾಲದ ಕಡತಗಳನ್ನು ಕೆದಕಿ ಬರೆದಿದ್ದಾರೆ. ಹಿಜ್ರಾಗಳು ನಿಧಾನವಾಗಿ ಇಲ್ಲವಾಗಬೇಕು ಅನ್ನೋದೇ ಆಡಳಿತದ ಗುರಿಯಾಗಿತ್ತು ಎಂದು ಅವರು ತೋರಿಸುತ್ತಾರೆ.

ಅದಕ್ಕೆ ಸಿಕ್ಕ ಆಯುಧ ಒಂದು ರಿಜಿಸ್ಟರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಅಂದರೆ ಹುಟ್ಟಿನಿಂದಲೇ ಕಳ್ಳರು ಅಂತ ಕೆಲವು ಜಾತಿ, ಬುಡಕಟ್ಟುಗಳಿಗೆ ಹಣೆಪಟ್ಟಿ ಹಚ್ಚಿದ ಕಾನೂನು ಅಂತ ನಾವು ಓದಿದ್ದೇವೆ. ಅದರ ಎರಡನೇ ಭಾಗ ಹಿಜ್ರಾಗಳಿಗಾಗಿಯೇ ಇತ್ತು. ಕಾಯ್ದೆಯ ಮಾತಿನಲ್ಲಿ ಅವರು ‘ಯೂನಕ್’, ಅಂದರೆ ನಪುಂಸಕರು. ತಾನು ಷಂಡ ಅಂತ ಒಪ್ಪಿಕೊಂಡವರು, ಇಲ್ಲವೇ ವೈದ್ಯಕೀಯ ತಪಾಸಣೆಯಲ್ಲಿ ಹಾಗೆ ಕಂಡವರು ಅಂತ ಅದರ ವ್ಯಾಖ್ಯೆ. ಮಕ್ಕಳನ್ನು ಕದಿಯುತ್ತಾರೆ, ಬೀಜ ಒಡೆಯುತ್ತಾರೆ ಅಥವಾ 377ನೇ ಕಲಮಿನ ಅಪರಾಧ ಮಾಡುತ್ತಾರೆ ಎಂಬ ಅನುಮಾನವಿದ್ದರೆ ಸಾಕು, ಹೆಸರು, ಮನೆ, ಆಸ್ತಿ ಎಲ್ಲ ರಿಜಿಸ್ಟರಿಗೆ. ಹೆಸರು ಹತ್ತಿದ ಮೇಲೆ ಹೆಣ್ಣುಡುಗೆ ಉಟ್ಟು ಬೀದಿಗೆ ಬರುವಂತಿಲ್ಲ, ದುಡ್ಡಿಗೆ ಕುಣಿಯುವಂತಿಲ್ಲ. ಸಿಕ್ಕಿಬಿದ್ದರೆ ವಾರಂಟ್ ಇಲ್ಲದೆ ಬಂಧನ, 2 ವರ್ಷದವರೆಗೆ ಜೈಲು. 16ರ ಒಳಗಿನ ಹುಡುಗನನ್ನು ಜೊತೆಯಲ್ಲಿಟ್ಟುಕೊಳ್ಳುವಂತಿಲ್ಲ. ದತ್ತು ಇಲ್ಲ, ಉಯಿಲು ಇಲ್ಲ, ದಾನಪತ್ರ ಇಲ್ಲ. ಉಟ್ಟ ಬಟ್ಟೆ, ಹೊಟ್ಟೆಪಾಡು, ಬದುಕಿನ ಕೊನೆಗೆ ಗಂಟನ್ನು ಯಾರ ಕೈಗಿಡಬೇಕು ಅನ್ನೋದು, ಮೂರನ್ನೂ ಒಂದೇ ಕಾನೂನು ಕಿತ್ತುಕೊಂಡಿತು.

ಇದು ಮೊದಲು ಜಾರಿಯಾದದ್ದು ಉತ್ತರದ ಪ್ರಾಂತ್ಯಗಳಲ್ಲಿ. ನಮಗೇನು ಅನ್ನಬೇಡಿ. 1919ರಲ್ಲಿ ಹೈದರಾಬಾದ್ ಸಂಸ್ಥಾನವೂ ಇದೇ ಅಚ್ಚಿನಲ್ಲಿ ಒಂದು ಕಾಯ್ದೆ ತಂದಿತು. ಅದೇ ರಿಜಿಸ್ಟರು, ಅದೇ ಸೀರೆಯ ನಿಷೇಧ. ಬೀದರ, ಕಲಬುರಗಿ, ರಾಯಚೂರು, ನಮ್ಮ ಕೊಪ್ಪಳ, ಎಲ್ಲ ಆಗ ನಿಜಾಮರ ಕೆಳಗೇ ಇದ್ದವು. ನನ್ನ ಅಜ್ಜಿ ಹುಟ್ಟಿದ್ದು ಅಂಥ ಕಾಯ್ದೆಯಿದ್ದ ರಾಜ್ಯದಲ್ಲಿ! ಕ್ರಿಮಿನಲ್ ಟ್ರೈಬ್ಸ್ ಕಾನೂನು 1952ರಲ್ಲಿ ರದ್ದಾಯಿತು. ಹೈದರಾಬಾದಿನ ಈ ಕಾಯ್ದೆ ಮಾತ್ರ ಪುಸ್ತಕದಲ್ಲಿ ಉಳಿದೇ ಇತ್ತು. ತೆಲಂಗಾಣ ಹೈಕೋರ್ಟ್ ಅದನ್ನು ಹೊಡೆದುಹಾಕಿದ್ದು 2023ರಲ್ಲಿ.

ಹೋಗಲಿ, ಹಳೆಯ ಕಾಲದ ಅಜ್ಞಾನ ಅನ್ನೋಣ ಅಂದರೆ 2011 ಅಡ್ಡ ಬರುತ್ತೆ. ಆ ವರ್ಷದ ಜನಗಣತಿಯಲ್ಲಿ ಮೊದಲ ಸಲ ಗಂಡು, ಹೆಣ್ಣು ಬಿಟ್ಟು ‘ಇತರೆ’ ಅನ್ನೋ ಕಾಲಮ್ ಬಂತು. ದೇಶದಲ್ಲಿ 4,87,803 ಜನ, ಕರ್ನಾಟಕದಲ್ಲಿ 20,266 ಜನ ಅದರಲ್ಲಿ ದಾಖಲಾದರು. ಅದೇ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಹೊಸ ಕಲಮು ಸೇರಿತು. ಹುಡುಗರನ್ನು ಅಪಹರಿಸುವ ಅನುಮಾನವಿರುವ ‘ಯೂನಕ್’ಗಳ ಹೆಸರು, ವಿಳಾಸದ ರಿಜಿಸ್ಟರು ಇಡಬಹುದು, ಅವರ ಚಟುವಟಿಕೆ ನಿಷೇಧಿಸಬಹುದು ಅಂತ. 1871ರ ಸಾಲನ್ನು ಕಾಪಿ-ಪೇಸ್ಟ್ ಮಾಡಿದ ಹಾಗಿದೆ. ನಮ್ಮ ವೃತ್ತಿಯಲ್ಲೂ ಹೀಗೇ, ಹಳೆಯ ಕೋಡನ್ನು ಯಾಕೆ ಬರೆದಿದ್ದರು ಅಂತ ಕೇಳದೆ ಹೊಸದಕ್ಕೆ ಅಂಟಿಸಿಬಿಡ್ತೀವಿ. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ, ಆ ಪದ ತೆಗೆದು ‘ವ್ಯಕ್ತಿ’ ಅಂತ ಮಾಡಲಾಯಿತು.

ಇಷ್ಟರಲ್ಲಿ ವಿಜ್ಞಾನ ಏನು ಮಾಡ್ತಿತ್ತು? ಅದೂ ಒಂದು ಕಾಲದಲ್ಲಿ ಕಾಲಮ್ಮನ್ನು ತಾನೇ ತುಂಬಲು ಹೋಗಿ ಕೈ ಸುಟ್ಟುಕೊಂಡಿದೆ. ಡೇವಿಡ್ ರೈಮರ್ 1965ರಲ್ಲಿ ಕೆನಡಾದಲ್ಲಿ ಅವಳಿಗಳಲ್ಲೊಬ್ಬನಾಗಿ ಹುಟ್ಟಿದ ಮಗು. ಎಂಟು ತಿಂಗಳಿಗೆ ಸುನ್ನತಿ ಮಾಡುವಾಗ ಆದ ಅವಘಡದಲ್ಲಿ ಶಿಶ್ನ ಸುಟ್ಟುಹೋಯಿತು. ಜಾನ್ ಮನಿ ಎಂಬ ಪ್ರಸಿದ್ಧ ಮನಶ್ಶಾಸ್ತ್ರಜ್ಞ, ಹೆಣ್ಣಾಗಿ ಬೆಳೆಸಿ, ಹೆಣ್ಣೇ ಆಗುತ್ತೆ ಅಂದರು. ಶಸ್ತ್ರಚಿಕಿತ್ಸೆ, ಹೊಸ ಹೆಸರು, ಫ್ರಾಕು, ಹಾರ್ಮೋನು ಎಲ್ಲ ಆಯಿತು. ಪ್ರಯೋಗ ಗೆದ್ದಿತು ಅಂತ ಪುಸ್ತಕಗಳಲ್ಲಿ ಬಂತು. ಮಗು ಮಾತ್ರ ಒಳಗೊಳಗೇ ಒಪ್ಪಲಿಲ್ಲ. 14ನೇ ವಯಸ್ಸಿಗೆ ನಿಜ ಗೊತ್ತಾದದ್ದೇ ತಡ, ಗಂಡಾಗಿ ಬಾಳಲು ಶುರುಮಾಡಿದ. 1997ರಲ್ಲಿ ಮಿಲ್ಟನ್ ಡೈಮಂಡ್ ಮತ್ತು ಕೀತ್ ಸಿಗ್ಮಂಡ್ಸನ್ ಈ ಸೋಲನ್ನು ಬಯಲಿಗಿಟ್ಟರು. 2004ರಲ್ಲಿ, 38ನೇ ವಯಸ್ಸಿಗೆ, ಡೇವಿಡ್ ಆತ್ಮಹತ್ಯೆ ಮಾಡಿಕೊಂಡ.

ಒಬ್ಬನ ಬದುಕಿನಿಂದ ಸಿದ್ಧಾಂತ ಕಟ್ಟೋಕಾಗಲ್ಲ. ಆದರೆ ಹೊರಗಿನವರು ಎಷ್ಟೇ ಗಟ್ಟಿಯಾಗಿ ಬರೆದರೂ ಒಳಗಿನದು ಅಳಿಸಿ ಹೋಗುತ್ತೆ ಅಂತ ನಂಬೋದು ಎಷ್ಟು ಅಪಾಯ ಅನ್ನೋದು ಇಲ್ಲಿ ಕಾಣುತ್ತೆ. ಹಾಗಾದರೆ ಎಲ್ಲ ವಂಶವಾಹಿಯಲ್ಲೇ ಇದೆಯೇ? ಅದೂ ಸಾಬೀತಾಗಿಲ್ಲ. 1995ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಮೆದುಳಿನ ಒಂದು ಸಣ್ಣ ಭಾಗದಲ್ಲಿ ವ್ಯತ್ಯಾಸ ಕಂಡೆವು ಅಂದರು. ನೋಡಿದ್ದು ಆರೇ ಆರು ಲಿಂಗಪರಿವರ್ತಿತ ಮಹಿಳೆಯರ ಮೆದುಳು. ರಕ್ತ ತೆಗೆದು ‘ಇವರು ಇಂಥವರು’ ಅಂತ ಹೇಳುವ ಪರೀಕ್ಷೆ ಇಲ್ಲ. ಮಕ್ಕಳಿಗೆ ಹಾರ್ಮೋನ್ ಚಿಕಿತ್ಸೆ ಕೊಡುವ ವಿಷಯದಲ್ಲಿ ಪುರಾವೆ ದುರ್ಬಲ ಅಂತ ಬ್ರಿಟನ್ನಿನ ಕ್ಯಾಸ್ ವರದಿ 2024ರಲ್ಲಿ ಹೇಳಿತು, ಆ ಜಗಳ ನಡೆದೇ ಇದೆ. ಇದು ಮನೋರೋಗ ಅನ್ನೋ ಮಾತನ್ನು ಮಾತ್ರ ವೈದ್ಯಲೋಕ ಬಿಟ್ಟಿದೆ. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಇದನ್ನು ತೆಗೆದು ಬೇರೆ ಅಧ್ಯಾಯಕ್ಕೆ ಹಾಕಿದ್ದಾರೆ.

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ, ತಾನು ಯಾರು ಅಂತ ಹೇಳುವ ಹಕ್ಕು ಆ ವ್ಯಕ್ತಿಯದೇ, ಅದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿರಬೇಕು ಅನ್ನೋದು ಅಕ್ರಮ ಅಂದಿತು. ಐದು ವರ್ಷಕ್ಕೆ ಬಂದ 2019ರ ಕಾಯ್ದೆ ಜಿಲ್ಲಾಧಿಕಾರಿಯ ಪ್ರಮಾಣಪತ್ರ ಕೇಳಿತು. ಗಂಡು ಅಥವಾ ಹೆಣ್ಣು ಅಂತಲೇ ಬರೆಸಬೇಕಾದರೆ ಶಸ್ತ್ರಚಿಕಿತ್ಸೆಯ ದಾಖಲೆ ಬೇಕೆಂದಿತು. ಪೆನ್ನು ಕೈಗೆ ಕೊಟ್ಟು, ಅರ್ಧ ಮತ್ತೆ ಕಿತ್ತುಕೊಂಡಂಗಾಯ್ತು. ಸರ್ಕಾರಿ ಸೌಲಭ್ಯ ಕೊಡುವಾಗ ದುರುಪಯೋಗ ತಡೆಯಬೇಡವೇ ಅನ್ನೋರ ಪ್ರಶ್ನೆಯನ್ನು ನಾನು ತಳ್ಳಿಹಾಕಲ್ಲ. 2021ರಲ್ಲಿ ನಮ್ಮ ರಾಜ್ಯವೇ ಸರ್ಕಾರಿ ನೌಕರಿಯಲ್ಲಿ 1% ಮೀಸಲಾತಿ ಕೊಟ್ಟಿದೆ, ಅದಕ್ಕೆ ಏನಾದರೊಂದು ಕಾಗದ ಬೇಕೇ ಬೇಕು. ಆದರೆ ನಮ್ಮ ದೇಶದಲ್ಲಿ ಈ ಜನರ ಪಾಲಿನ ರಿಜಿಸ್ಟರು ಅನುಮಾನದಿಂದಲೇ ಶುರುವಾದದ್ದು. ಅಧಿಕಾರಿಯ ಮುಂದೆ ಅರ್ಜಿ ಹಿಡಿದು ನಿಂತವರ ಬೆನ್ನ ಹಿಂದೆ 1871 ನಿಂತಿರುತ್ತೆ.

ಆ ಫಾರ್ಮನ್ನು ಆಮೇಲೆ ಸರಿಮಾಡಿದೆ. ಒಂದು ಬಿಟ್ ತೆಗೆದು, ಅವರವರೇ ಬರೆಯುವ ಹಾಗೆ ಮಾಡಿದೆ. ಅರ್ಧ ದಿನದ ಕೆಲಸ ಅಷ್ಟೇ. ನನ್ನ ಹಳೆಯ ಉತ್ತರ ಓದಿದವರು ಮತ್ತೆ ಬರೆಯಲಿಲ್ಲ. 0 ಒತ್ತಿದರೋ, 1 ಒತ್ತಿದರೋ, ಅರ್ಜಿಯನ್ನೇ ಕೈಬಿಟ್ಟರೋ ಗೊತ್ತಿಲ್ಲ. ಅಜ್ಜಿ ಕೇಳಿದ್ದ ಪ್ರಶ್ನೆಯನ್ನು ಆವತ್ತೇ ನನಗೆ ನಾನು ಕೇಳಿಕೊಂಡಿದ್ದರೆ ಅವರ ಅರ್ಜಿ ಆವತ್ತೇ ಮುಂದಕ್ಕೆ ಹೋಗ್ತಿತ್ತು.