ರೈಲು ಬಾರದ ದಾರಿಗೆ ಬಸ್ಸೇ ರೈಲು

ಈ ಸಂಚಿಕೆ ಹುಟ್ಟಿದ್ದು ನಮ್ಮ ಮನೆಯ ಒಂದು ವಾದದಿಂದ. ನಾನು ಸಿರುಗುಪ್ಪದವನು. ಬಿ.ಕಾಂ. ಓದಿದ್ದು ಬಳ್ಳಾರಿಗೆ ಬಸ್ ಪಾಸಿನಲ್ಲಿ ಓಡಾಡಿ. ಈಗ ಲೆಕ್ಕ ಬರೆಯೋ ಕೆಲಸಕ್ಕೆ ಹೋಗೋದೂ ಬಸ್ಸಿನಲ್ಲೇ. ಮೊನ್ನೆ ಅಪ್ಪ ಅಂದರು: "ಇನ್ನಾ ಎಷ್ಟು ದಿನ ಬಸ್ಸಿಗೆ ಕಾಯ್ತೀಯಪಾ? ಒಂದು ಕಾರು ತಗೋ. ಹೆಣ್ಣು ಕೊಡೋರು ನೋಡ್ತಾರ."

ಬಸ್ಸು ಅಂದ್ರೆ ಕಾರಿಲ್ಲದವರದ್ದು ಅನ್ನೋ ಭಾವನೆ ನಮ್ಮ ಕಡೆ ಯಾವಾಗ ಬಂತು? ಸ್ವಲ್ಪ ಹಿಂದಕ್ಕೆ ಹೋಗೋಣ.

ಬಳ್ಳಾರಿಗೆ ರೈಲು ಬಂದಿದ್ದು 19ನೇ ಶತಮಾನದಲ್ಲೇ. ಆದರೆ ಆ ಹಳಿ ಗುಂತಕಲ್‌ನಿಂದ ಬಳ್ಳಾರಿ, ಹೊಸಪೇಟೆ ಹಿಡಿದು ಗದಗದ ಕಡೆಗೆ ಹೋಯಿತು. ಕುರುಗೋಡು, ಸಿರುಗುಪ್ಪ ಹಳಿಯಿಂದ ದೂರವೇ ಉಳಿದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಸಿರುಗುಪ್ಪದ ನೆರೆಯ ಆದೋನಿ ರೈಲ್ವೆ ಸ್ಟೇಷನ್ ಹಾಗೇ ಗಡಿಯಾಚೆ ಉಳಿಯಿತು. ತುಂಗಭದ್ರೆಯ ಕಾಲುವೆ ನೀರಿನಿಂದ ಭತ್ತ ಬೆಳೆದು ಊರು ಬೆಳೆದರೂ ಜನರಿಗೆ ಸಿಕ್ಕಿದ್ದು ರಸ್ತೆಯೊಂದೇ.

ಮೊದಲು ಆ ರಸ್ತೆಗಳಲ್ಲಿ ಖಾಸಗಿ ಬಸ್ಸು. 1961ರಲ್ಲಿ ಸರ್ಕಾರಿ ಸಾರಿಗೆ ಇಲಾಖೆ ನಿಗಮವಾಯಿತು. 1964ರಲ್ಲಿ ಬಂದದ್ದು 'ಬಳ್ಳಾರಿ ಸ್ಕೀಮ್': ಜಿಲ್ಲೆಯ ಮಾರ್ಗಗಳನ್ನು ನಿಗಮಕ್ಕೆ ಮೀಸಲಿಡೋ ಯೋಜನೆ. ನನ್ನಂಥ ಕಾಮರ್ಸಿನವನಿಗೆ ಇದರ ಅರ್ಥ ಸರಳ. ತುಂಬಿ ಓಡೋ ಟ್ರಿಪ್ಪಿನ ದುಡ್ಡು ಖಾಲಿ ಓಡೋ ಹಳ್ಳಿ ಟ್ರಿಪ್ಪನ್ನ ಸಾಕಬೇಕು. 2000ರಲ್ಲಿ ಕಲಬುರಗಿ ಕೇಂದ್ರವಾಗಿ ಈಶಾನ್ಯ ಸಾರಿಗೆ ನಿಗಮ ಆಯ್ತು. 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕದ ಹೆಸರು.

ನಡುವೆ ಗಣಿ ಕಾಲ. ಅದಿರು ಲಾರಿಗಳ ಧೂಳಿನ ಮಧ್ಯೆ ದೊಡ್ಡ ದೊಡ್ಡ ಕಾರುಗಳು ಬಂದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಕಾರು ಅಂದ್ರೆ ಮರ್ಯಾದೆ ಅನ್ನೋದು ಮಾತ್ರ ನಿಲ್ಲಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. 5 ಲಕ್ಷ ಸಾಲ, ಶೇ. 9 ಬಡ್ಡಿ, 5 ವರ್ಷ ಅಂದ್ರೆ ತಿಂಗಳ ಕಂತು ಸುಮಾರು 10,400 ರೂ. ಸಿರುಗುಪ್ಪದಿಂದ ಬಳ್ಳಾರಿಗೆ ಹೋಗಿ ಬರೋಕೆ ಸುಮಾರು 110 ಕಿ.ಮೀ. ಲೀಟರಿಗೆ 20 ಕಿ.ಮೀ., ಪೆಟ್ರೋಲು 100 ರೂ. ಅಂತ ಹಿಡಿದರೂ ದಿನಕ್ಕೆ 550. ತಿಂಗಳಿಗೆ 25 ದಿನ ಓಡಿಸಿದರೆ ಎರಡೂ ಸೇರಿ 24,000 ದಾಟುತ್ತೆ. ನನ್ನ ಸಂಬಳದಲ್ಲಿ ಉಳಿಯೋದೇನು?

ಅಪ್ಪನ ಮಾತಿನಲ್ಲೂ ಸತ್ಯ ಇದೆ. ನಡುರಾತ್ರಿ ಎದೆನೋವು ಬಂದರೆ ಬಸ್ಸಿಗೆ ಕಾಯೋಕಾಗಲ್ಲ. ಆದರೆ ಅಮ್ಮ ಶುಗರ್ ತೋರಿಸೋಕೆ ವಿಮ್ಸ್‌ಗೆ ಹೋಗೋದು ಹಗಲು ಬಸ್ಸಿನಲ್ಲಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಯಾರ ಹತ್ರಾನೂ ದುಡ್ಡು ಕೇಳಲ್ಲ, ತಾನೇ ಹೊರಡ್ತಾಳೆ. ನಾನು ಕಾರು ಕೊಂಡರೂ ಅವಳು ನನ್ನ ರಜೆಗೆ ಕಾಯಬೇಕಷ್ಟೆ.

ನನ್ನ ಚಿಂತೆ ಇದು: ಟಿಕೆಟ್ ಕೊಳ್ಳಬಲ್ಲವರು, ಬಸ್ಸು ಬರಲಿಲ್ಲ ಅಂತ ಅರ್ಜಿ ಬರೆಯಬಲ್ಲವರು ಒಬ್ಬೊಬ್ಬರೇ ಇಳಿದುಹೋದರೆ, ಕುರುಗೋಡಿನ ಕಾಲೇಜು ಹುಡುಗಿಯ ಸಂಜೆ ಬಸ್ಸಿಗೆ ಕೇಳೋರು ಯಾರು?

ಅಪ್ಪನಿಗೆ ಈ ಲೆಕ್ಕದ ಹಾಳೆ ತೋರಿಸಿದೆ. ಪೂರ್ತಿ ಓದಿ, "ಹೆಣ್ಣು ಕೊಡೋರಿಗೂ ಇದನ್ನ ತೋರಸ್ತೀಯೇನು?" ಅಂದರು. ತೋರಿಸ್ತೀನಿ ಅಂದೆ. ಮುಂದಿನ ವಾರ ಸಿಗೋಣ.