ಈ ವೆಬ್‌ಸೈಟ್ ನಿಮ್ಮದೇನ್ರಿ? ಗುರುತು ತೋರಿಸ್ರಿ

1/6
ನಿಮ್ಮ ಮನೆ ನಿಮ್ಮದೇ ಅಂತ ಹೆಂಗ ಸಾಬೀತು ಮಾಡ್ತೀರಿ? ನವನಗರದ ಹಿರಿಯರನ್ನ ಕೇಳಿ ನೋಡ್ರಿ, ತಾಸುಗಟ್ಟಲೆ ಹೇಳ್ತಾರೆ. ಆಲಮಟ್ಟಿ ಹಿನ್ನೀರು ಘಟಪ್ರಭಾ ದಂಡೆಯ ಹಳೇ ಬಾಗಲಕೋಟೆಗೆ ಬಂದಾಗ ಊರಿನ ದೊಡ್ಡ ಭಾಗ ಎದ್ದು ಇಲ್ಲಿಗೆ ಬಂತು. ನಮ್ಮಜ್ಜ ಉತಾರ, ತೆರಿಗೆ ರಸೀದಿ ಎಲ್ಲಾ ಒಂದು ಬಟ್ಟೆ ಗಂಟಿನೊಳಗ ಕಟ್ಕೊಂಡು ಆಫೀಸಿಗೆ ಅಡ್ಡಾಡಿದ್ದರಂತೆ. ಮನೆ ನೀರಾಗ ಹೋದರೂ ಅದು ಅವರದೇ ಅನ್ನೋದಕ್ಕೆ ಕಾಗದ ಇತ್ತು. ಸೆಕ್ಟರ್‌ನಾಗ ಸೈಟ್ ಸಿಕ್ಕಿದ್ದು ಆ ಗಂಟಿನಿಂದ.

ಈಗ ಇನ್ನೊಂದು ನಮೂನೆಯ ಸೈಟ್ ಬಗ್ಗೆ ಮಾತಾಡೋಣ. ವೆಬ್‌ಸೈಟ್. ಇದು ನಿಮ್ಮದೇ ಅಂತ ಗೂಗಲ್‌ಗೆ ತೋರಿಸೋದು ಹೆಂಗ? ಅಲ್ಲಿ ಅಜ್ಜನ ಗಂಟು ನಡೆಯೋದಿಲ್ಲ. ಯಾಕಂದ್ರೆ ನಾನೇ ನೋಡಿದೀನಿ.

2/6
ಇಳಕಲ್‌ನಾಗ ನಮ್ಮ ಮಾಮಾಂದು ಸಣ್ಣ ಸೀರೆ ಅಂಗಡಿ ಐತಿ. ಮೂರು ವರ್ಷದ ಹಿಂದ ಒಬ್ಬರ ಕಡೆಯಿಂದ ವೆಬ್‌ಸೈಟ್ ಮಾಡಿಸಿದರು. ದುಡ್ಡು ಕೊಟ್ಟರು, ಬಿಲ್ ಇಟ್ಕೊಂಡರು, ಅಂಗಡಿ ಚೀಲದ ಮೇಲೆ ಅದರ ವಿಳಾಸ ಪ್ರಿಂಟ್ ಹಾಕಿಸಿದರು. ಆಮೇಲೆ ಅವರ ಫೋನ್ ನಂಬರ್ ಬದಲಾಯ್ತು. ವೆಬ್‌ಸೈಟ್‌ನಾಗ ಮಾತ್ರ ಹಳೇ ನಂಬರೇ ಉಳೀತು. ಗಿರಾಕಿಗಳು ಫೋನ್ ಹಚ್ಚಿದರೆ ಯಾರಿಗೂ ಸಿಗೋದಿಲ್ಲ.

"ನೀ ಬಿಕಾಂ ಓದಾಕತ್ತಿ, ಕಂಪ್ಯೂಟರ್ ಬರತೈತಿ, ಸ್ವಲ್ಪ ನೋಡಪ್ಪ" ಅಂದರು ಮಾಮಾ. ನಾನು ಸರ್ಚ್ ಕನ್ಸೋಲ್ ತೆರೆದೆ. ಮೊದಲನೇ ಪುಟದಾಗೇ ತಡೀತು: ಮಾಲೀಕರು ಅಂತ ಸಾಬೀತು ಮಾಡಿ. ನನ್ನ ಕೈಯಾಗ ಬಿಲ್ ಇತ್ತು. ಬಿಲ್ ತೋರಿಸೋಕೆ ಅಲ್ಲಿ ಜಾಗಾನೇ ಇಲ್ಲ. ಅದು ಕೇಳಿದ್ದು ಒಂದೇ: ನಾನು ಕೊಡೋ ಈ ಗುರುತನ್ನ ನಿನ್ನ ವೆಬ್‌ಸೈಟ್ ಒಳಗ ಇಡು. ಇಟ್ಟರೆ ನೀನು ಮಾಲೀಕ.

ಒಳಗ ಹೋಗೋ ಪಾಸ್‌ವರ್ಡ್ ಮಾಡಿಕೊಟ್ಟವರ ಹತ್ರ. ಅವರು ಫೋನ್ ಎತ್ತೋದಿಲ್ಲ.

3/6
ಸಿಟ್ಟು ಬಂತು ಖರೇ. ಆದರೆ ಕೂತು ಯೋಚನೆ ಮಾಡಿದರೆ ಈ ಪದ್ಧತಿ ನಮ್ಮ ಜಿಲ್ಲೆಗೆ ಹೊಸದೇನಲ್ಲ.

ಹಳೇ ಕಾಲದಾಗ ದಾನದ ಆಸ್ತಿಗೆ ಎರಡು ನಮೂನೆಯ ಸಾಕ್ಷಿ ಇರ್ತಿತ್ತು. ಒಂದು ಕೈಯಾಗ ಹಿಡಿಯೋದು, ಅಂದ್ರೆ ತಾಮ್ರಪಟ. ಬಳೆಗೆ ರಾಜಮುದ್ರೆ ಹಾಕಿರ್ತಾರೆ. ಬಾದಾಮಿ ಚಾಲುಕ್ಯರದು ವರಾಹ. ಇನ್ನೊಂದು ಜಾಗದಾಗೇ ನಿಲ್ಲೋದು. ಬಾದಾಮಿಯ ಮೂರನೇ ಗುಹೆಗೆ ಹೋದರೆ ಮಂಗಲೇಶನ ಶಾಸನ ನೋಡ್ರಿ, ಶಕ ವರ್ಷ 500, ಅಂದ್ರೆ ಕ್ರಿ.ಶ. 578. ಗುಹೆ ಮಾಡಿಸಿದ್ದು, ದೇವರಿಗೆ ಊರು ಬಿಟ್ಟಿದ್ದು, ಎಲ್ಲಾ ಅದೇ ಗುಹೆಯ ಕಲ್ಲಿನ ಮೇಲೆ ಐತಿ. ಹೊಲದ ಗಡಿಗೂ ಕಲ್ಲು ನೆಡ್ತಿದ್ದರು. ಶಿವಾಲಯದ ಭೂಮಿಗೆ ಲಿಂಗಮುದ್ರೆ ಕಲ್ಲು, ವಿಷ್ಣು ಗುಡಿಯದಕ್ಕೆ ವಾಮನಮುದ್ರೆ ಕಲ್ಲು, ಬಸದಿಯದಕ್ಕೆ ಮುಕ್ಕೊಡೆ ಕಲ್ಲು. ಅಕ್ಷರ ಬಾರದವರಿಗೂ ಕಲ್ಲು ನೋಡಿದರೆ ಗೊತ್ತಾಗ್ತಿತ್ತು.

ಸರ್ಚ್ ಎಂಜಿನ್‌ಗಳು ಹಿಡಿದದ್ದು ಎರಡನೇ ದಾರಿ. ಕಾಗದ ಬೇಡ, ಹೊಲದಾಗ ಕಲ್ಲು ನೆಟ್ಟು ತೋರಿಸು.

4/6
ಇದು ಶುರುವಾಗಿದ್ದು ಯಾವಾಗ? 2005ರ ಜೂನ್‌ನಾಗ ಗೂಗಲ್ 'ಸೈಟ್‌ಮ್ಯಾಪ್ಸ್' ಅಂತ ಒಂದು ಸೇವೆ ತೆಗೀತು. ನಿಮ್ಮ ಪುಟಗಳ ಪಟ್ಟಿ ನೀವೇ ಕೊಡಬಹುದು. ಆಮೇಲೆ ನಿಮ್ಮ ಸೈಟ್‌ನಾಗ ಏನು ತಪ್ಪಾಗೇತಿ, ಜನ ಏನು ಹುಡುಕಿ ಬರ್ತಾರೆ ಅಂತ ಗೂಗಲ್ ತೋರಿಸೋಕೆ ಹತ್ತಿತು. ಇದು ವ್ಯಾಪಾರದ ಗುಟ್ಟು. ಪಕ್ಕದ ಅಂಗಡಿಯವರ ಲೆಕ್ಕದ ಪುಸ್ತಕ ನಮಗೆ ತೋರಿಸಿದ ಹಂಗ ಆಗಬಾರದಲ್ಲ? ಅದಕ್ಕೇ ಮಾಲೀಕರ ಗುರುತು ಬೇಕಾಯ್ತು.

ಮೊದಲಿನ ಉಪಾಯ ಬಹಳ ಸರಳ. ಗೂಗಲ್ ಒಂದು ವಿಚಿತ್ರ ಹೆಸರು ಕೊಡ್ತದೆ, ಆ ಹೆಸರಿನ ಖಾಲಿ ಫೈಲ್ ನಿಮ್ಮ ಸೈಟ್‌ನಾಗ ಇಡಬೇಕು. ಗೂಗಲ್ ಬಂದು "ಈ ಫೈಲ್ ಐತೇನು?" ಅಂತ ಕೇಳ್ತದೆ. ಐತಿ ಅಂದ್ರೆ ಪಾಸ್.

ಆದರೆ ಕೆಲವು ಸರ್ವರ್‌ಗಳು ಯಾವ ಹೆಸರು ಕೇಳಿದರೂ "ಐತಿ" ಅನ್ನೋವು! ಅಂಥ ಸೈಟ್‌ಗೆ ಹೊರಗಿನವರೂ ಮಾಲೀಕರಾಗಿ ಬಿಡಬಹುದಿತ್ತು. ಇದಕ್ಕೆ ಹುಡುಕಿದ ಮದ್ದು ನಿಮಗೆಲ್ಲಾ ಗೊತ್ತಿರೋದೇ. ಕ್ಲಾಸಿನಾಗ ಪ್ರಾಕ್ಸಿ ಹಿಡಿಯೋಕೆ ಸರ್ ಇಲ್ಲದ ರೋಲ್ ನಂಬರ್ ಕರೆದು ನೋಡ್ತಾರಲ್ಲ? ಅದೇ. ಗೂಗಲ್ ಇಲ್ಲದ ಫೈಲ್ ಹೆಸರನ್ನೂ ಕೇಳೋಕೆ ಶುರು ಮಾಡ್ತು. ಅದಕ್ಕೂ "ಯಸ್ ಸರ್" ಬಂದರೆ ಸಿಕ್ಕಿಬಿದ್ದ ಹಂಗ. ಮುಂದೆ ಫೈಲ್ ಒಳಗೂ ಗುರುತಿನ ಸಾಲು ಇರಬೇಕು ಅಂತಾಯ್ತು.

ಆ ಸೇವೆ 2006ರಾಗ ವೆಬ್‌ಮಾಸ್ಟರ್ ಟೂಲ್ಸ್ ಆಯ್ತು, 2015ರಾಗ ಸರ್ಚ್ ಕನ್ಸೋಲ್ ಆಯ್ತು. ಬಿಂಗ್‌ನವರೂ ಇದೇ ನಮೂನೆ ಫೈಲ್ ಇಡಿಸ್ತಾರೆ.

5/6
ಫೈಲ್ ಇಡೋದಕ್ಕಿಂತ ಗಟ್ಟಿ ದಾರಿ ಒಂದೈತಿ. ಅದರ ಕತಿ ಗೂಗಲ್‌ಗಿಂತ ಹಳೇದು.

ಇಂಟರ್ನೆಟ್ ಸಣ್ಣದಿದ್ದಾಗ ಎಲ್ಲಾ ಕಂಪ್ಯೂಟರ್‌ಗಳ ಹೆಸರು ಒಂದೇ ಫೈಲ್‌ನಾಗ ಇರ್ತಿದ್ವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಾಗ ಎಲಿಜಬೆತ್ ಫೈನ್ಲರ್ ಅನ್ನೋ ಹೆಣ್ಣುಮಗಳ ತಂಡ ಅದನ್ನ ನೋಡ್ಕೋತಿತ್ತು. ಒಂಥರಾ ಊರಿಗೆಲ್ಲಾ ಒಬ್ಬರೇ ಶಾನುಭೋಗರು. ಊರು ಬೆಳೀತು, ಒಂದು ಪುಸ್ತಕ ಸಾಲಲಿಲ್ಲ. 1983ರಾಗ ಪಾಲ್ ಮೊಕಾಪೆಟ್ರಿಸ್ ಡಿಎನ್ಎಸ್ ಪದ್ಧತಿ ರೂಪಿಸಿದರು. ಪ್ರತಿ ಡೊಮೇನ್ ಮಾಲೀಕರು ತಮ್ಮ ದಾಖಲೆ ತಾವೇ ಇಡೋ ಪದ್ಧತಿ. 1987ರ ನಿಯಮದಾಗ 'ಟಿಎಕ್ಸ್‌ಟಿ ರೆಕಾರ್ಡ್' ಅಂತ ಒಂದು ಖಾನೆ ಬಂತು. ಬೇಕಾದ ಪಠ್ಯ ಬರೀಬಹುದಾದ ಖಾನೆ, ಅಷ್ಟೇ.

ಗೂಗಲ್ ಹುಟ್ಟಿದ್ದು 1998ರಾಗ. ಅದಕ್ಕೂ ಹನ್ನೊಂದು ವರ್ಷ ಮೊದಲಿನ ಆ ಖಾನೆಯೊಳಗ ಇವತ್ತು ನಾವು ಗುರುತಿನ ಸಾಲು ಬರೀತೀವಿ. 2019ರಿಂದ ಸರ್ಚ್ ಕನ್ಸೋಲ್‌ನಾಗ ಒಂದು ಪೂರ್ತಿ ಡೊಮೇನ್ ಅನ್ನೇ ಸೇರಿಸಬಹುದು. ಅದಕ್ಕೆ ಡಿಎನ್ಎಸ್ ಗುರುತೇ ಬೇಕು. ಫೈಲ್ ಇಡೋದು ಮನೆ ಬಾಗಿಲಿಗೆ ಬೋರ್ಡ್ ಹಾಕಿದ ಹಂಗ. ಇದು ಉತಾರದ ಪುಸ್ತಕದಾಗೇ ಬರೆದ ಹಂಗ.

6/6
ಮಾಮಾನ ಡೊಮೇನ್ ಅವರ ಹೆಸರಿನಾಗೂ ಇರಲಿಲ್ಲ. ಮಾಡಿಕೊಟ್ಟವರ ಇಮೇಲ್‌ನಾಗ ಇತ್ತು. ಒಂದು ತಿಂಗಳು ಕಾದ್ವಿ. ಕೊನೆಗೆ ಹೊಸ ಡೊಮೇನ್ ತಗೊಂಡ್ವಿ, ಈ ಸಲ ಮಾಮಾನ ಇಮೇಲ್, ಮಾಮಾನ ಫೋನ್. ಟಿಎಕ್ಸ್‌ಟಿ ಸಾಲು ಅವರ ಕೈಯಿಂದಲೇ ಅಂಟಿಸಿಸಿದೆ. ಹಸಿರು ಟಿಕ್ ಬಂದಾಗ "ಇಷ್ಟೇ ಏನು?" ಅಂದರು. ಹಳೇ ಸೈಟ್ ಇನ್ನೂ ಹಳೇ ನಂಬರ್ ಇಟ್ಕೊಂಡು ಕೂತೈತಿ. ಹಳೇ ಚೀಲದ ಕಟ್ಟು ಅಂಗಡಿ ಮೂಲೆಯಾಗ ಬಿದ್ದೈತಿ.

ನನಗೆ ತಿಳಿದದ್ದು ಇದು. ಯಾರು ದುಡ್ಡು ಕೊಟ್ಟರು ಅಂತ ಸರ್ಚ್ ಎಂಜಿನ್ ಕೇಳೋದೇ ಇಲ್ಲ. ಇಲ್ಲಿ ಯಾರು ಬರೀಬಲ್ಲರು ಅಂತ ಅಷ್ಟೇ ಕೇಳ್ತದೆ. ಕೀಲಿ ಯಾರ ಹತ್ರ ಐತೋ ಅವರೇ ಮಾಲೀಕರು.

ಅದಕ್ಕೇ ಅಪ್ಪನ ಅಂಗಡಿಗೋ ಅಕ್ಕನ ಟೇಲರಿಂಗ್‌ಗೋ ಸೈಟ್ ಮಾಡಿಸಿದ್ದರೆ ಇವತ್ತೇ ನೋಡ್ರಿ:
▪️ ಡೊಮೇನ್ ಯಾರ ಇಮೇಲ್‌ನಾಗ ಐತಿ?
▪️ ಸರ್ಚ್ ಕನ್ಸೋಲ್‌ನಾಗ ಮಾಲೀಕರ ಪಟ್ಟಿಯೊಳಗ ಯಾರ‍್ಯಾರು ಅದಾರೆ?
▪️ ಕೆಲಸ ಬಿಟ್ಟು ಹೋದವರ ಹೆಸರು ತೆಗೆದರೆ ಸಾಲದು. ಅವರ ಗುರುತಿನ ಫೈಲ್ ಅಥವಾ ಸಾಲನ್ನೂ ತೆಗೀರಿ, ಇಲ್ಲಾಂದ್ರೆ ಅವರು ಮತ್ತೆ ಮಾಲೀಕರಾಗಬಹುದು.
▪️ ನಿಮ್ಮ ಗುರುತನ್ನ ಅಳಿಸಬೇಡ್ರಿ. ಗೂಗಲ್ ಆಗಾಗ ಬಂದು ಕಲ್ಲು ಐತೋ ಇಲ್ಲೋ ಅಂತ ನೋಡ್ತಿರ್ತದೆ.

ನಮ್ಮಜ್ಜ ಆ ಗಂಟನ್ನ ಇನ್ನೂ ಟ್ರಂಕ್‌ನಾಗ ಇಟ್ಟಾರೆ. ಮೊನ್ನೆ ಮಾಮಾ ಡೊಮೇನ್ ಪಾಸ್‌ವರ್ಡ್ ಒಂದು ಚೀಟಿ ಮೇಲೆ ಬರೆದು ಕೊಟ್ಟು, "ಅದರಾಗೇ ಇಡ್ರಿ" ಅಂದರು.

ಸೇವ್ ಮಾಡ್ಕೊಳ್ರಿ, ಅಂಗಡಿ ಇರೋ ದೋಸ್ತಿಗೆ ಕಳಿಸ್ರಿ 🙏

#ನವನಗರ #ಬಾಗಲಕೋಟೆ #ಇಳಕಲ್ #ಬಾದಾಮಿ #ಇತಿಹಾಸ