ನಿರಾಶ್ರಿತರ ಅರ್ಹತೆ ಮತ್ತು ಸಂಗಾತಿಯ ಪೌರತ್ವ

ಆಶ್ರಯ ಕೋರುವವರ ಗಂಡ ಅಥವಾ ಹೆಂಡತಿ ಬೇರೆ ದೇಶದ ಪ್ರಜೆಯಾಗಿದ್ದರೆ ಕೋರಿಕೆಯ ಅರ್ಹತೆ ಏನಾಗುತ್ತದೆ ಎಂಬ ಕಾನೂನು ಪ್ರಶ್ನೆ ಇದು. ಕರ್ನಾಟಕದಲ್ಲಿ ಇದು ಮುಖ್ಯವಾಗಿ ಟಿಬೆಟಿಯನ್ ಕ್ಯಾಂಪುಗಳ ಕುಟುಂಬಗಳಿಗೆ ಸಂಬಂಧಿಸಿದ್ದು.

ಅಂತರರಾಷ್ಟ್ರೀಯ ನಿಯಮ

1951ರ ನಿರಾಶ್ರಿತರ ಒಡಂಬಡಿಕೆಯಂತೆ ಪ್ರತಿಯೊಬ್ಬರೂ ತಮ್ಮ ಪೌರತ್ವದ ದೇಶದಲ್ಲಿ ಕಿರುಕುಳದ ಭಯವಿದೆಯೆಂದು ತೋರಿಸಬೇಕು. ಎರಡು ಪೌರತ್ವವಿದ್ದರೆ ಎರಡೂ ದೇಶಗಳ ವಿಷಯದಲ್ಲಿ. ಸಂಗಾತಿಯ ಪೌರತ್ವ ಈ ಲೆಕ್ಕಕ್ಕೆ ಬರುವುದಿಲ್ಲ, ಮದುವೆಯಿಂದ ಅದು ಅರ್ಜಿದಾರರಿಗೂ ದೊರೆತಿದ್ದರೆ ಮಾತು ಬೇರೆ. ಕುಟುಂಬದ ಒಬ್ಬರಿಗೆ ಸಿಕ್ಕ ಸ್ಥಾನಮಾನವನ್ನು ಅವಲಂಬಿತರಿಗೂ ಕೊಡುವ ರೂಢಿ ಇದೆ. ಬೇರೊಂದು ದೇಶದ ರಕ್ಷಣೆ ಇರುವ ಸಂಗಾತಿಗೆ ಅದು ಸಲ್ಲದು ಎಂದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿಯ ಕೈಪಿಡಿ ಹೇಳುತ್ತದೆ.

ಕರ್ನಾಟಕದ ಸಂದರ್ಭ

ಭಾರತ ಈ ಒಡಂಬಡಿಕೆಗೆ ಸೇರಿಲ್ಲ. ಭಾರತದ ಪೌರತ್ವವಿಲ್ಲದ ಟಿಬೆಟಿಯನ್ನರು ಕಾನೂನಿನ ಕಣ್ಣಿಗೆ ವಿದೇಶಿಯರು. ಅವರ ವಾಸಕ್ಕೆ ಆಧಾರ ಆರ್‌ಸಿ ಎಂಬ ನೋಂದಣಿ ಪತ್ರ. ಆಗಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟು ಮೊದಲ ನೆಲೆ ಮಾಡಿಸಿತು. ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯದ ಕ್ಯಾಂಪುಗಳು ಆಮೇಲಿನವು.

ದಂಪತಿಗಳಲ್ಲಿ ಒಬ್ಬರು ಪ್ರಜೆ, ಇನ್ನೊಬ್ಬರು ವಿದೇಶಿಯಾಗುವ ತೊಡಕಿನ ಮೂಲ 1955ರ ಪೌರತ್ವ ಕಾಯ್ದೆಯ 3ನೇ ಕಲಮು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಜನ್ಮತಃ ಪ್ರಜೆಗಳು. ಆಮೇಲೆ ಹುಟ್ಟಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಭಾರತೀಯರಿರಬೇಕು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರೂ ಆಗಿರಬಾರದು. ಹೀಗಾಗಿ ಬೈಲುಕುಪ್ಪೆಯಲ್ಲೇ ಹುಟ್ಟಿ, ಒಂದೇ ಶಾಲೆಯಲ್ಲಿ ಓದಿದ ದಂಪತಿಗಳಲ್ಲಿ 1985ರಲ್ಲಿ ಹುಟ್ಟಿದ ಗಂಡ ಭಾರತೀಯ, ತಂದೆತಾಯಿ ಇಬ್ಬರೂ ಭಾರತೀಯರಲ್ಲದ, 1990ರಲ್ಲಿ ಹುಟ್ಟಿದ ಹೆಂಡತಿ ವಿದೇಶಿ. ವಿಮಾನ ನಿಲ್ದಾಣದಲ್ಲಿ ಅವನು ಪಾಸ್‌ಪೋರ್ಟ್ ತೋರಿಸಿ ಮುಂದೆ ಹೋದರೆ, ಐಸಿ (ಗುರುತಿನ ಪ್ರಮಾಣಪತ್ರ) ಎಂಬ ಹಳದಿ ಪುಸ್ತಕ ಹಿಡಿದ ಅವಳು ಹೊರಹೋಗುವ ಪರವಾನಗಿಯನ್ನೂ ಮರಳಿ ಬರುವ ಒಪ್ಪಿಗೆಯ ಮುದ್ರೆಯನ್ನೂ ತೋರಿಸಬೇಕು.

ಗಂಡನ ಪೌರತ್ವಕ್ಕೂ ಹೋರಾಟ ಬೇಕಾಯಿತು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ಕರ್ನಾಟಕ ಹೈಕೋರ್ಟ್ ಇಂಥವರು ಪ್ರಜೆಗಳೆಂದು ತೀರ್ಪಿತ್ತವು. 2017ರಲ್ಲಿ ಕೇಂದ್ರ ಪಾಸ್‌ಪೋರ್ಟ್ ಕೊಡಲು ಒಪ್ಪಿದರೂ ಆರ್‌ಸಿ ಹಿಂದಿರುಗಿಸಬೇಕು, ಕ್ಯಾಂಪಿನ ವಾಸ ಬಿಡಬೇಕು ಎಂಬ ಷರತ್ತುಗಳನ್ನಿಟ್ಟಿತು. ಜನ್ಮದಿಂದ ಬಂದ ಹಕ್ಕಿಗೆ ಮನೆ ಬಿಡುವ ಷರತ್ತು ಹಾಕಿದ್ದು ನ್ಯಾಯವೆನ್ನಲಾಗದು.

ಮದುವೆಯ ದಾರಿ

ಶಿರಾ ತಾಲ್ಲೂಕಿನ ಮದಲೂರಿನ ಹೆಣ್ಣುಮಗಳೊಬ್ಬಳು ಆರ್‌ಸಿ ಇರುವ ಟಿಬೆಟಿಯನ್ ಯುವಕನನ್ನು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದಳೆನ್ನೋಣ. ಅವಳ ಪೌರತ್ವಕ್ಕೆ ಕುತ್ತಿಲ್ಲ. ಅವನಿಗೂ ತಾನಾಗಿ ಪೌರತ್ವ ಬರುವುದಿಲ್ಲ. 5ನೇ ಕಲಮಿನಂತೆ ಏಳು ವರ್ಷ ಇಲ್ಲಿ ವಾಸವಿದ್ದವನು ಅರ್ಜಿ ಹಾಕಬಹುದು: ಅರ್ಜಿಗೆ ಹಿಂದಿನ ಹನ್ನೆರಡು ತಿಂಗಳು ಸತತ, ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಒಟ್ಟು ಆರು ವರ್ಷ. ಅಕ್ರಮ ವಲಸಿಗನಿಗೆ ಈ ಬಾಗಿಲಿಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲಿ ಅಕ್ರಮ ವಲಸಿಗನೆಂದರೆ ಕಾಗದಪತ್ರವಿಲ್ಲದೆ ದೇಶದೊಳಗೆ ಬಂದವನು, ಇಲ್ಲವೇ ಅವಧಿ ಮೀರಿ ಉಳಿದವನು. ಇಲ್ಲೇ ಹುಟ್ಟಿದವನನ್ನು ಒಳಗೆ ಬಂದವನೆನ್ನುವುದು ಕಷ್ಟ. ಗಡಿ ದಾಟಿ ಬಂದವನ ವಿಷಯದಲ್ಲಿ ವಾದಕ್ಕೆ ಎಡೆಯಿದೆ. 2019ರ ತಿದ್ದುಪಡಿ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ ಬಂದವರಿಗಷ್ಟೇ ಅನ್ವಯಿಸುತ್ತದೆ, ಟಿಬೆಟಿಗಲ್ಲ.

ವಿದೇಶದಲ್ಲಿ

ಹೊರದೇಶದಲ್ಲಿ ಆಶ್ರಯ ಕೇಳಿದಾಗ ಈ ಜನ್ಮತಃ ಪೌರತ್ವವೇ ಅಡ್ಡಿಯಾಗಬಹುದು. ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ ಒಬ್ಬರ ಪ್ರಕರಣದಲ್ಲಿ ಕೆನಡಾದ ಫೆಡರಲ್ ಮೇಲ್ಮನವಿ ನ್ಯಾಯಾಲಯ 2016ರಲ್ಲಿ, ಭಾರತೀಯ ಪೌರತ್ವ ಪಡೆಯಲು ತಕ್ಕ ಪ್ರಯತ್ನ ಮಾಡದವರು ಆಶ್ರಯ ಕೇಳಲಾಗದು ಎಂದಿತು.

ಒಬ್ಬರು ಭಾರತೀಯ, ಇನ್ನೊಬ್ಬರು ಪೌರತ್ವವಿಲ್ಲದ ಟಿಬೆಟಿಯನ್ ಆಗಿರುವ ದಂಪತಿಗಳು ಮದುವೆ ನೋಂದಣಿ, ಮಗುವಿನ ಜನನ ಪತ್ರ, ಮಗು ಹುಟ್ಟಿದ ದಿನ ಊರ್ಜಿತವಾಗಿದ್ದ ಆರ್‌ಸಿಯ ಪ್ರತಿ, ಈ ಮೂರನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ತಂದೆತಾಯಿಯರಲ್ಲಿ ಇನ್ನೊಬ್ಬರು ಅಕ್ರಮ ವಲಸಿಗರಲ್ಲವೆಂದು ತೋರಿಸಿ ಮಗುವಿನ ಪೌರತ್ವವನ್ನು ಸಾಬೀತುಮಾಡಲು ಅವು ಬೇಕಾಗುತ್ತವೆ.